ಅಗಸ್ಟೀನರ ನಾಡಿನಲ್ಲಿ ಚರ್ಚುಗಳಿಗೆ ಬೀಗ ಬಿದ್ದದ್ದು ಯಾಕೆ?

ಕ್ರೈಸ್ತರ ಮಹಾ ಪಂಡಿತ ಸಂತ ಅಗಸ್ಟೀನ್ ಹುಟ್ಟಿದ ನಾಡು ಉತ್ತರ ಆಫ್ರಿಕಾದ ಅಲ್ಜೀರಿಯಾ. ಅಲ್ಲಿಂದ ಬರುವ ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಗೊಂದಲ ಹುಟ್ಟುತ್ತದೆ. 2018ರ ಡಿಸೆಂಬರ್ 8ರಂದು ಓರಾನ್ ನಗರದ ಬೆಟ್ಟದ ಮೇಲಿನ ಚರ್ಚಿನಲ್ಲಿ ಒಂದು ದೊಡ್ಡ ಸಮಾರಂಭ ನಡೆಯಿತು. 1990ರ ದಶಕದಲ್ಲಿ ಸರ್ಕಾರಕ್ಕೂ ಇಸ್ಲಾಮಿಸ್ಟ್ ಬಂಡುಕೋರರಿಗೂ ನಡೆದ ಅಂತರ್ಯುದ್ಧದಲ್ಲಿ ಕೊಲೆಯಾದ 19 ಮಂದಿ ಕ್ಯಾಥೊಲಿಕ್ ಪಾದ್ರಿಗಳು, ಸನ್ಯಾಸಿಗಳು ಮತ್ತು ಸನ್ಯಾಸಿನಿಯರನ್ನು 'ಪುನೀತರು' ಎಂದು ಅಲ್ಲಿ ಘೋಷಿಸಲಾಯಿತು. ಸಂತ ಪದವಿಗೆ ಮೊದಲಿನ ಮೆಟ್ಟಿಲು ಅದು. ಮುಸ್ಲಿಂ ಬಹುಸಂಖ್ಯಾತ ದೇಶದಲ್ಲಿ ಅಂಥ ಸಮಾರಂಭ ನಡೆದದ್ದು ಅದೇ ಮೊದಲು. ಅಲ್ಜೀರಿಯಾದ ಧಾರ್ಮಿಕ ವ್ಯವಹಾರಗಳ ಮಂತ್ರಿಯೇ ಬಂದು ಕೂತಿದ್ದರು.

ಅದಾಗಿ ಹತ್ತು ತಿಂಗಳಿಗೆ, 2019ರ ಅಕ್ಟೋಬರ್‌ನಲ್ಲಿ, ಅದೇ ದೇಶದ ಟಿಜಿ ಊಜು ನಗರದಲ್ಲಿ ಒಂದು ದೊಡ್ಡ ಪ್ರೊಟೆಸ್ಟೆಂಟ್ ಚರ್ಚಿಗೆ ಪೊಲೀಸರು ಬೀಗ ಜಡಿದರು. ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಮುಚ್ಚುವ ಕೆಲಸ 2017ರ ಕೊನೆಗೇ ಶುರುವಾಗಿತ್ತು. ಅಲ್ಲಿನ ಪ್ರೊಟೆಸ್ಟೆಂಟ್ ಒಕ್ಕೂಟಕ್ಕೆ ಸೇರಿದ್ದ ಸುಮಾರು 47 ಚರ್ಚುಗಳಲ್ಲಿ ಇವತ್ತು ಹೆಚ್ಚು ಕಡಿಮೆ ಎಲ್ಲವೂ ಮುಚ್ಚಿವೆ.

ಒಂದು ಕಡೆ ಗೌರವ, ಇನ್ನೊಂದು ಕಡೆ ಬೀಗ. ಇದನ್ನು 'ಇಸ್ಲಾಂ ವಿರುದ್ಧ ಕ್ರೈಸ್ತ ಧರ್ಮ' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಹಾಗೆ ಹೇಳಿದರೆ ಬೀಗದ ಅರ್ಥವೇನೋ ಸಿಗಬಹುದು, ಓರಾನ್ ಸಮಾರಂಭದ ಅರ್ಥ ಸಿಗುವುದಿಲ್ಲ.

ಒಂದೇ ಹೆಸರಿನಡಿ ನಾಲ್ಕು ಜನ

'ಮುಸ್ಲಿಂ ದೇಶದಲ್ಲಿ ಕ್ರೈಸ್ತರು' ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಅಲ್ಲಿ ಇರುವುದು ಬೇರೆ ಬೇರೆ ಗುಂಪು.

ಮೊದಲನೆಯವರು ಅಲ್ಲಿ ವಾಸವಾಗಿರುವ ವಿದೇಶಿ ಕ್ರೈಸ್ತರು: ರಾಯಭಾರ ಕಚೇರಿಯವರು, ಎಣ್ಣೆ ಕಂಪನಿಗಳ ನೌಕರರು, ಸಹಾರಾದ ದಕ್ಷಿಣದ ದೇಶಗಳಿಂದ ಓದಲು ಬಂದ ವಿದ್ಯಾರ್ಥಿಗಳು, ದುಡಿಯಲು ಬಂದ ವಲಸಿಗರು. ಇವರು ಭಾನುವಾರ ಚರ್ಚಿಗೆ ಹೋದರೆ ಸರ್ಕಾರಕ್ಕೆ ತಕರಾರಿಲ್ಲ. ಎರಡನೆಯವರು ಸೇವಾ ಸಂಸ್ಥೆಗಳು. ಮೂರನೆಯವರು ಸುವಾರ್ತೆ ಸಾರಲೆಂದೇ ಬರುವ ಮಿಷನರಿಗಳು. ನಾಲ್ಕನೆಯವರು ಅಲ್ಲೇ ಹುಟ್ಟಿ, ಮುಸ್ಲಿಂ ಮನೆಯಲ್ಲಿ ಬೆಳೆದು, ಆಮೇಲೆ ಕ್ರೈಸ್ತರಾದ ಅಲ್ಜೀರಿಯನ್ನರು.

ಬೀಗ ಬಿದ್ದ ಚರ್ಚುಗಳು ಬಹುತೇಕ ಈ ನಾಲ್ಕನೆಯವರದು. ಪಾಸ್ಟರ್ ಅಲ್ಜೀರಿಯನ್, ಹಾಡು ಅಲ್ಲಿನ ಬೆಟ್ಟದ ಸೀಮೆಯ ಕಬೀಲಿ ಭಾಷೆಯದ್ದು, ಬೆಂಚಿನ ಮೇಲೆ ಕೂತವರು ಅಕ್ಕಪಕ್ಕದ ಊರಿನವರು. ಸುದ್ದಿಯಲ್ಲಿ 'ಮಿಷನರಿ' ಎಂಬ ಮಾತು ಎಷ್ಟೇ ಓಡಾಡಿದರೂ, ಈ ಕಟ್ಟಡಗಳ ಒಳಗೆ ವಿದೇಶಿ ಮಿಷನರಿ ಇರುವುದು ಅಪರೂಪ. ಇವರು ಎಷ್ಟು ಜನ ಎಂಬುದಕ್ಕೆ ಗಟ್ಟಿ ಲೆಕ್ಕವಿಲ್ಲ. 20,000ದಿಂದ 2,00,000ದವರೆಗೆ ಅಂದಾಜುಗಳಿವೆ. ಹತ್ತು ಪಟ್ಟು ವ್ಯತ್ಯಾಸದ ಅಂದಾಜನ್ನು ಅಂದಾಜು ಅನ್ನುವುದೇ ಕಷ್ಟ. ಆದರೆ ಅದರಿಂದ ಒಂದು ವಿಷಯ ಗೊತ್ತಾಗುತ್ತದೆ: ಎಣಿಸಲು ಬಂದರೆ ಕೈ ಎತ್ತಲು ಜನ ಹೆದರುತ್ತಾರೆ.

ಕಾನೂನಿನ ಒಳಗಿರುವ 'ಆಮಿಷ'

ಅಲ್ಜೀರಿಯಾದಲ್ಲಿ ಇಸ್ಲಾಂ ಬಿಡುವುದು ಅಪರಾಧ ಅಲ್ಲ. ಮತ ಬದಲಿಸಿದವರಿಗೆ ಶಿಕ್ಷೆ ಕೊಡುವ ಕಲಮು ಅಲ್ಲಿನ ದಂಡ ಸಂಹಿತೆಯಲ್ಲಿ ಇಲ್ಲ. ಕಾನೂನು ಹಿಡಿಯುವುದು ಬೇರೆಯವರ ಮತ ಬದಲಾಯಿಸಲು ಹೊರಟವರನ್ನು.

2006ರ ಫೆಬ್ರುವರಿ 28ರಂದು ಹೊರಬಿದ್ದ 06-03 ಎಂಬ ಸುಗ್ರೀವಾಜ್ಞೆ ಇದರ ಬೇರು. ಮುಸ್ಲಿಮೇತರರ ಪೂಜೆ ಪ್ರಾರ್ಥನೆಗೆ ಷರತ್ತು ಹಾಕುವ ಕಾನೂನು ಇದು. ಇದರ 11ನೇ ಕಲಮಿನ ಪ್ರಕಾರ, ಮುಸ್ಲಿಮನೊಬ್ಬನನ್ನು ಬೇರೆ ಧರ್ಮಕ್ಕೆ ಎಳೆಯಲು ಪ್ರಚೋದಿಸಿದರೆ, ಬಲವಂತ ಮಾಡಿದರೆ ಅಥವಾ ಆಮಿಷ ಒಡ್ಡಿದರೆ 2ರಿಂದ 5 ವರ್ಷ ಜೈಲು, 5 ಲಕ್ಷದಿಂದ 10 ಲಕ್ಷ ದಿನಾರ್ ದಂಡ. 'ಮುಸ್ಲಿಮನ ನಂಬಿಕೆಯನ್ನು ಅಲುಗಾಡಿಸುವ' ಉದ್ದೇಶದ ಪುಸ್ತಕ, ವಿಡಿಯೊ ತಯಾರಿಸಿದರೂ, ಇಟ್ಟುಕೊಂಡರೂ, ಹಂಚಿದರೂ ಅದೇ ಶಿಕ್ಷೆ.

ಬಲವಂತ ತಪ್ಪು ಎಂದರೆ ಎಲ್ಲರೂ ಒಪ್ಪುತ್ತಾರೆ. ತೊಂದರೆ ಇರುವುದು ಉಳಿದ ಮಾತುಗಳಲ್ಲಿ. ಪ್ರಚೋದನೆ ಅಂದರೆ ಏನು? ಗೆಳೆಯನಿಗೆ ಬೈಬಲ್ ಕೊಟ್ಟರೆ ಅದು ಉಡುಗೊರೆಯೋ, ಆಮಿಷವೋ? ಅಲುಗಾಡಿತು ಎಂದು ಅಳೆಯುವವರು ಯಾರು? ಕಾನೂನು ಉತ್ತರ ಕೊಡುವುದಿಲ್ಲ. ಹಾಗಾಗಿ ಉತ್ತರ ಪೊಲೀಸ್ ಠಾಣೆಯಲ್ಲಿ ಹುಟ್ಟುತ್ತದೆ. 2008ರಲ್ಲಿ ತಿಯಾರೆತ್ ಎಂಬ ಊರಿನಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳ ಚೀಲದಲ್ಲಿ ಬೈಬಲ್‌ಗಳು ಸಿಕ್ಕವು ಎಂದು ಮೊಕದ್ದಮೆ ಹೂಡಿದರು. ಸರ್ಕಾರಿ ವಕೀಲರು ಮೂರು ವರ್ಷ ಜೈಲು ಕೇಳಿದರು. ಅಲ್ಜೀರಿಯಾದ ಪತ್ರಿಕೆಗಳೇ ಆಗ ಗಲಾಟೆ ಎಬ್ಬಿಸಿದವು.

ಅನುಮತಿ ಎಂಬ ಸುತ್ತು

ಆದರೆ ಚರ್ಚುಗಳಿಗೆ ಬೀಗ ಬಿದ್ದದ್ದು ಈ 'ಆಮಿಷ'ದ ಕಲಮಿನಿಂದ ಅಲ್ಲ. ಅದು ಅದಕ್ಕಿಂತ ಸಪ್ಪೆಯಾದ, ಅದಕ್ಕಿಂತ ಜಾಣತನದ ದಾರಿ: ಕಾಗದಪತ್ರ.

ಅದೇ 06-03ರ ಪ್ರಕಾರ ಮುಸ್ಲಿಮೇತರರು ಸಾಮೂಹಿಕವಾಗಿ ಪ್ರಾರ್ಥಿಸಬೇಕಾದರೆ ಅದಕ್ಕೆಂದೇ ಮೀಸಲಾದ, ಹೊರಗಿನಿಂದ ನೋಡಿದರೆ ಗುರುತು ಸಿಗುವ ಕಟ್ಟಡ ಬೇಕು. ಅಂಥ ಕಟ್ಟಡಕ್ಕೆ ಒಂದು ರಾಷ್ಟ್ರೀಯ ಆಯೋಗದ ಒಪ್ಪಿಗೆ ಬೇಕು. ಆ ಆಯೋಗ ಸಭೆ ಸೇರುವುದೇ ಅಪರೂಪ. ಪ್ರೊಟೆಸ್ಟೆಂಟ್ ಚರ್ಚುಗಳು ವರ್ಷಗಟ್ಟಲೆ ಹಾಕಿದ ಅರ್ಜಿಗಳಿಗೆ ಅನುಮತಿ ಬರಲಿಲ್ಲ. ಜೊತೆಗೆ 2012ರಲ್ಲಿ ಸಂಘ ಸಂಸ್ಥೆಗಳ ಹೊಸ ಕಾನೂನು ಬಂತು. ಹಳೆಯ ನೋಂದಣಿ ಇದ್ದವರೂ ಮತ್ತೆ ಮಾಡಿಸಿಕೊಳ್ಳಬೇಕಾಯಿತು. 1974ರಿಂದ ಮಾನ್ಯತೆ ಇದ್ದ, 2011ರಲ್ಲಿ ಮತ್ತೊಮ್ಮೆ ಮಾನ್ಯತೆ ಪಡೆದಿದ್ದ ಪ್ರೊಟೆಸ್ಟೆಂಟ್ ಒಕ್ಕೂಟ ಹೀಗೆ ಕಾನೂನಿನ ಕಣ್ಣಿನಲ್ಲಿ ಅಡ್ಡಗೋಡೆ ಮೇಲೆ ಕೂತಂತಾಯಿತು.

ಆಮೇಲೆ ಸುತ್ತು ತಾನಾಗಿ ತಿರುಗುತ್ತದೆ. ಪ್ರಾಂತ್ಯದ ಆಡಳಿತಾಧಿಕಾರಿಯಿಂದ ನೋಟಿಸ್ ಬರುತ್ತದೆ: ನಿಮಗೆ ಅನುಮತಿ ಇಲ್ಲ, ಕಟ್ಟಡದಲ್ಲಿ ಸುರಕ್ಷತೆಯ ವ್ಯವಸ್ಥೆ ಇಲ್ಲ, ಮುಚ್ಚಿ. ಅನುಮತಿ ಯಾಕಿಲ್ಲ? ಆಯೋಗ ಕೊಟ್ಟಿಲ್ಲ. ಆಯೋಗ ಯಾಕೆ ಕೊಟ್ಟಿಲ್ಲ? ಸಂಘ ನೋಂದಣಿಯಾಗಿಲ್ಲ. ಸಂಘ ಯಾಕೆ ನೋಂದಣಿಯಾಗಿಲ್ಲ? ಕಡತ ಇನ್ನೂ ಪರಿಶೀಲನೆಯಲ್ಲಿದೆ. ಇಲ್ಲಿ ಯಾರೂ 'ನಿಮ್ಮ ದೇವರು ಬೇಡ' ಎಂದು ಹೇಳಿಲ್ಲ. ಬೀಗ ಮಾತ್ರ ಬಿದ್ದಿದೆ. ಸರಿ, ಮನೆಯಲ್ಲಿ ಸೇರಿ ಪ್ರಾರ್ಥಿಸೋಣ ಎಂದರೆ, ಮನೆ 'ಮೀಸಲಾದ ಕಟ್ಟಡ' ಅಲ್ಲ. ಅನುಮತಿಯಿಲ್ಲದ ಪೂಜೆಗೆ 1ರಿಂದ 3 ವರ್ಷ ಜೈಲು ಇದೆ.

ಸರ್ಕಾರದ ವಾದವನ್ನೂ ಪೂರ್ತಿ ಕೇಳಬೇಕು. ಮಸೀದಿಗಳಿಗೂ ನಾವು ಸ್ವಾತಂತ್ರ್ಯ ಕೊಟ್ಟಿಲ್ಲ ಎನ್ನುತ್ತದೆ ಅದು. ಮಾತು ನಿಜ. ಅಲ್ಲಿ ಇಮಾಮರಿಗೆ ಸಂಬಳ ಕೊಡುವುದು ಸರ್ಕಾರ, ಶುಕ್ರವಾರದ ಪ್ರವಚನದ ಮೇಲೂ ಅದರ ಕಣ್ಣಿರುತ್ತದೆ. ಮಸೀದಿಗಳ ಮೇಲಿನ ಹಿಡಿತ ಸಡಿಲವಾದಾಗ ಏನಾಯಿತು ಎಂಬುದನ್ನು 1990ರ ದಶಕದಲ್ಲಿ ದೇಶ ಅನುಭವಿಸಿದೆ. ತಮ್ಮನ್ನು ಮುಸ್ಲಿಮರೆಂದೇ ಹೇಳಿಕೊಳ್ಳುವ ಅಹ್ಮದಿಯಾ ಪಂಥದವರನ್ನೂ 2016ರಿಂದ ಹೀಗೇ ಹಿಡಿದರು. ಇನ್ನೂರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಬಿತ್ತು. ಅಂದರೆ ಸರ್ಕಾರದ ಸಿಟ್ಟು ಕ್ರಿಸ್ತನ ಮೇಲಷ್ಟೇ ಅಲ್ಲ. ತನ್ನ ರಿಜಿಸ್ಟರಿನ ಹೊರಗೆ ನಡೆಯುವ ಯಾವ ಧರ್ಮವೂ ಅದಕ್ಕೆ ಬೇಡ. ಇದು ಸಮರ್ಥನೆ ಆಗುತ್ತದೋ ಇಲ್ಲವೋ, ವಿವರಣೆಯಂತೂ ಹೌದು.

1830ರಿಂದ ಶುರುವಾದ ನೆನಪು

'ಮಿಷನರಿ' ಎಂಬ ಮಾತು ಅಲ್ಜೀರಿಯಾದವರ ಕಿವಿಗೆ ಯಾಕೆ ಅಷ್ಟು ಒರಟಾಗಿ ಕೇಳಿಸುತ್ತದೆ ಎಂದು ತಿಳಿಯಲು ಹಿಂದೆ ಹೋಗಬೇಕು.

1830ರಲ್ಲಿ ಫ್ರಾನ್ಸ್ ಅಲ್ಜಿಯರ್ಸ್ ನಗರವನ್ನು ಹಿಡಿಯಿತು. 1832ರಲ್ಲಿ ನಗರದ ಕೆಚಾವಾ ಮಸೀದಿಯನ್ನು ಕಿತ್ತುಕೊಂಡು ಕೆಥೆಡ್ರಲ್ ಮಾಡಿತು. ಅದು ಮತ್ತೆ ಮಸೀದಿಯಾದದ್ದು 1962ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. 130 ವರ್ಷ ಊರಿನ ನಡುವೆ ನಿಂತಿದ್ದ ಆ ಕಟ್ಟಡ ಸೋತವರು ಯಾರು ಎಂದು ದಿನಾ ನೆನಪಿಸುತ್ತಿತ್ತು.

1866ರಿಂದ 1868ರವರೆಗೆ ದೇಶದಲ್ಲಿ ಬರ, ಕಾಲರಾ, ಟೈಫಸ್ ಜ್ವರ ಒಟ್ಟಿಗೆ ಬಂದವು. ಲಕ್ಷಾಂತರ ಜನ ಸತ್ತರು. ಆಗಷ್ಟೇ ಅಲ್ಜಿಯರ್ಸ್‌ನ ಆರ್ಚ್‌ಬಿಷಪ್ ಆಗಿ ಬಂದ ಶಾರ್ಲ್ ಲಾವಿಜೆರಿ ಸಾವಿರಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಎತ್ತಿಕೊಂಡು ಅನ್ನ ಹಾಕಿದರು, ಓದಿಸಿದರು. ಅವರಲ್ಲಿ ಕೆಲವರು ಕ್ರೈಸ್ತರಾದರು. ಅಂಥವರಿಗಾಗಿ ಪ್ರತ್ಯೇಕ ಹಳ್ಳಿಗಳನ್ನೇ ಕಟ್ಟಲಾಯಿತು. ಹಸಿದ ಮಗುವಿಗೆ ಅನ್ನ ಕೊಟ್ಟದ್ದು ತಪ್ಪೇ? ಯಾರೂ ಹಾಗೆ ಹೇಳಲಾರರು. ಆದರೆ ಆ ಬರಕ್ಕೆ ಒಂದು ಕಾರಣ ಫ್ರೆಂಚರು ಜಮೀನು ಕಿತ್ತುಕೊಂಡದ್ದು ಎಂದು ನಂಬಿದವನಿಗೆ, ಅದೇ ಕಡೆಯ ಪಾದ್ರಿ ಬಂದು ಮಗುವನ್ನು ಎತ್ತಿಕೊಂಡು ಹೆಸರು ಬದಲಿಸಿದರೆ ಏನನ್ನಿಸುತ್ತದೆ? ಮುಸ್ಲಿಮರು ರೊಚ್ಚಿಗೆದ್ದಾರು ಎಂದು ಫ್ರೆಂಚ್ ಗವರ್ನರ್ ಜನರಲ್ ಮ್ಯಾಕ್‌ಮಹೋನ್ ಅವರೇ ಲಾವಿಜೆರಿಯವರ ಜೊತೆ ಜಗಳಕ್ಕೆ ನಿಂತರು. ಇವತ್ತಿನ ಕಾನೂನಿನ 'ಆಮಿಷ' ಎಂಬ ಮಾತಿನೊಳಗೆ ಆ ಅನಾಥಾಲಯಗಳ ನೆರಳಿದೆ.

ಲಾವಿಜೆರಿ 1868ರಲ್ಲಿ ಕಟ್ಟಿದ ಸಂಘದವರಿಗೆ 'ಬಿಳಿ ಪಾದ್ರಿಗಳು' ಎಂದೇ ಹೆಸರು. ಅಲ್ಲಿನವರ ಹಾಗೇ ಬಿಳಿ ನಿಲುವಂಗಿ ತೊಡುತ್ತಿದ್ದರು, ಅಲ್ಲಿನ ಭಾಷೆ ಕಲಿಯುತ್ತಿದ್ದರು. ಶಾಲೆ, ಔಷಧಿಯೇ ಅವರ ಮುಖ್ಯ ಕೆಲಸ. ಮತ ಬದಲಿಸಿದವರು ಬಹಳ ಕಮ್ಮಿ.

ಇದಕ್ಕಿಂತ ವಿಚಿತ್ರವಾದದ್ದು ಫ್ರೆಂಚ್ ಕಾನೂನು. 1865ರ ಆದೇಶದ ಪ್ರಕಾರ ಅಲ್ಜೀರಿಯಾದ ಮುಸ್ಲಿಮ ಫ್ರಾನ್ಸಿನ ಪ್ರಜೆ, ಆದರೆ ಪೂರ್ಣ ನಾಗರಿಕ ಅಲ್ಲ. ನಾಗರಿಕನಾಗಬೇಕಾದರೆ ಮದುವೆ, ಆಸ್ತಿಗೆ ಸಂಬಂಧಪಟ್ಟ ಇಸ್ಲಾಮಿಕ್ ಕಾನೂನನ್ನು ಬಿಡಬೇಕು. ಹಾಗಾದರೆ ಕ್ರೈಸ್ತನಾದ ಅಲ್ಜೀರಿಯನ್ನನ ಗತಿ? 1903ರಲ್ಲಿ ಅಲ್ಜಿಯರ್ಸ್‌ನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು: 'ಮುಸ್ಲಿಂ' ಎಂಬ ಪದಕ್ಕೆ ಬರೀ ಧಾರ್ಮಿಕ ಅರ್ಥವಿಲ್ಲ, ಮುಸ್ಲಿಂ ಮೂಲದವನು ಯಾವ ಧರ್ಮ ಪಾಲಿಸಿದರೂ ನಾಗರಿಕತ್ವ ಸಿಗುವವರೆಗೆ ಕಾನೂನಿನ ಲೆಕ್ಕದಲ್ಲಿ ಮುಸ್ಲಿಮನೇ. ಅಂದರೆ ಆತ ದೀಕ್ಷಾಸ್ನಾನ ಮಾಡಿಸಿಕೊಂಡರೂ ಮುಸ್ಲಿಂ!

ಈ ತೀರ್ಪು ಸುಮ್ನೆ ಒಂದು ತಮಾಷೆಯ ಸಂಗತಿಯಾಗಿ ಉಳಿಯಲಿಲ್ಲ. ಧರ್ಮ ಅಲ್ಲಿ ನಂಬಿಕೆಯಾಗಿ ಉಳಿಯದೆ ಜಾತಿಯಂತೆ, ಹುಟ್ಟಿನ ಗುರುತಿನಂತೆ ಗಟ್ಟಿಯಾಯಿತು. ಆಳಿಸಿಕೊಂಡವರು ಅದೇ ಗುರುತನ್ನು ಎತ್ತಿ ಹಿಡಿದು ಹೋರಾಡಿದರು. 1931ರಲ್ಲಿ ಹುಟ್ಟಿದ, ಮುಸ್ಲಿಂ ಧರ್ಮಪಂಡಿತರ ಉಲೇಮಾ ಸಂಘದ ಘೋಷಣೆಯೇ ಇತ್ತು: ಇಸ್ಲಾಂ ನಮ್ಮ ಧರ್ಮ, ಅರಬ್ಬಿ ನಮ್ಮ ಭಾಷೆ, ಅಲ್ಜೀರಿಯಾ ನಮ್ಮ ದೇಶ. ಸ್ವತಂತ್ರ ಅಲ್ಜೀರಿಯಾ ಈ ಮೂರು ಎಳೆಯನ್ನು ಹೊಸೆದು ಕಟ್ಟಿದ ಹಗ್ಗ. ಒಂದು ಎಳೆ ಬಿಚ್ಚಿದವನನ್ನು ನೋಡಿದರೆ ಅದಕ್ಕೆ ಇಡೀ ಹಗ್ಗ ಬಿಚ್ಚಿದ ಹಾಗೆ ಕಾಣುತ್ತದೆ.

ಅತಿಥಿಯ ಚರ್ಚು, ಮನೆಮಗನ ಚರ್ಚು

ಈಗ ಓರಾನ್ ಸಮಾರಂಭದ ಒಗಟು ಬಿಡಿಸಬಹುದು.

1962ರಲ್ಲಿ ಹತ್ತು ಲಕ್ಷದಷ್ಟು ಯುರೋಪಿಯನ್ನರು ಅಲ್ಜೀರಿಯಾ ಬಿಟ್ಟು ಹೋದರು. ಚರ್ಚುಗಳು ಖಾಲಿಯಾದವು. ಉಳಿದ ಕ್ಯಾಥೊಲಿಕರು ಬೇರೆ ದಾರಿ ಹಿಡಿದರು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಫ್ರೆಂಚ್ ಸೈನ್ಯದ ಚಿತ್ರಹಿಂಸೆಯನ್ನು ಖಂಡಿಸಿದ್ದ ಆರ್ಚ್‌ಬಿಷಪ್ ದ್ಯುವಾಲ್ ಅಲ್ಜೀರಿಯಾದ ಪೌರತ್ವ ತೆಗೆದುಕೊಂಡರು. ಸಿಟ್ಟಾದ ಫ್ರೆಂಚರು ಅವರನ್ನು 'ಮೊಹಮ್ಮದ್ ದ್ಯುವಾಲ್' ಎಂದು ಹೀಗಳೆಯುತ್ತಿದ್ದರು. ಮೊದಲು ಹೇಳಿದ 19 ಮಂದಿಯಲ್ಲಿ ಸೇರಿದ, ತಿಬಿರೀನ್ ಮಠದ ಏಳು ಸನ್ಯಾಸಿಗಳನ್ನು 1996ರಲ್ಲಿ ಅಪಹರಿಸಿ ಕೊಂದರು. ಅದೇ ವರ್ಷದ ಆಗಸ್ಟ್ 1ರಂದು, ಆ 19ರಲ್ಲಿ ಒಬ್ಬರಾದ ಓರಾನ್‌ನ ಬಿಷಪ್ ಪಿಯರ್ ಕ್ಲಾವೆರಿ ಬಾಂಬಿಗೆ ಬಲಿಯಾದರು. ಅವರ ಮುಸ್ಲಿಂ ಡ್ರೈವರ್ ಕೂಡ ಜೊತೆಯಲ್ಲೇ ಸತ್ತರು. ಅಲ್ಜಿಯರ್ಸ್‌ನ ನೋತ್ರ್ ದಾಮ್ ದಾಫ್ರಿಕ್ ಚರ್ಚಿನ ಒಳಗೆ ಬರೆದಿರುವ ಸಾಲು ಈ ಚರ್ಚಿನ ನಿಲುವನ್ನು ಹೇಳುತ್ತದೆ: 'ಆಫ್ರಿಕಾದ ಮಾತೆಯೇ, ನಮಗಾಗಿ ಮತ್ತು ಮುಸ್ಲಿಮರಿಗಾಗಿ ಪ್ರಾರ್ಥಿಸು.'

ಈ ಚರ್ಚು ಮತಾಂತರಕ್ಕೆ ಹೊರಡಲಿಲ್ಲ. ನೆರೆಯವರ ಜೊತೆ ಬದುಕಿ, ಅವರ ಜೊತೆಯಲ್ಲೇ ಸತ್ತಿತು. ಸರ್ಕಾರಕ್ಕೆ ಇದು ಇಷ್ಟವಾದ ಚರ್ಚು, ಅತಿಥಿಯ ಚರ್ಚು. ಇನ್ನು ಸಂತ ಅಗಸ್ಟೀನ್ ಅವರಂತೂ ಸರ್ಕಾರದ ಹೆಮ್ಮೆ. 354ರಲ್ಲಿ ಇವತ್ತಿನ ಸೂಕ್ ಅಹ್ರಾಸ್‌ನಲ್ಲಿ ಹುಟ್ಟಿ, ಇವತ್ತಿನ ಅನ್ನಾಬಾದಲ್ಲಿ ಬಿಷಪ್ ಆಗಿದ್ದು, 430ರಲ್ಲಿ ಅಲ್ಲೇ ತೀರಿಕೊಂಡ ಈ ಮಹಾ ಪಂಡಿತನ ಬಗ್ಗೆ 2001ರಲ್ಲಿ ಅಧ್ಯಕ್ಷರೇ ಮುಂದೆ ನಿಂತು ಅಂತರರಾಷ್ಟ್ರೀಯ ವಿಚಾರಗೋಷ್ಠಿ ಮಾಡಿಸಿದರು. ಇಸ್ಲಾಂ ಹುಟ್ಟುವ ಮೊದಲಿನ ಕ್ರೈಸ್ತನನ್ನು 'ನಮ್ಮವನು' ಅನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅವನು ಇಸ್ಲಾಮನ್ನು ಬಿಟ್ಟು ಹೋದವನಲ್ಲವಲ್ಲ!

ಇಕ್ಕಟ್ಟು ಹುಟ್ಟುವುದು ಟಿಜಿ ಊಜುವಿನ ಪಾಸ್ಟರ್ ಬಳಿ. ಆತ ಅತಿಥಿಯೂ ಅಲ್ಲ, ಪುರಾತನನೂ ಅಲ್ಲ. 'ನಾನು ಅಲ್ಜೀರಿಯನ್, ನಾನು ಕ್ರೈಸ್ತ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಸರ್ಕಾರದ ಹತ್ತಿರ ಈ ವಾಕ್ಯಕ್ಕೆ ಖಾನೆಯೇ ಇಲ್ಲ.

ಕಬೀಲಿ ನಾಡಿನ ರಾಜಕೀಯ

ಮುಚ್ಚಿದ ಚರ್ಚುಗಳಲ್ಲಿ ಹೆಚ್ಚಿನವು, ಟಿಜಿ ಊಜು ಇರುವ, ಕಬೀಲಿ ಎಂಬ ಬೆಟ್ಟದ ಸೀಮೆಯಲ್ಲಿವೆ. ಇಲ್ಲಿನ ಜನ, ಅರಬ್ಬರು ಬರುವ ಮೊದಲೇ ಈ ನಾಡಿನಲ್ಲಿದ್ದ ಬರ್ಬರ್ ಮೂಲದವರು. ಮಾತು ಅರಬ್ಬಿ ಅಲ್ಲ, ಕಬೀಲಿ.

ಫ್ರೆಂಚರು ಇವರ ಬಗ್ಗೆ ಒಂದು ಕಥೆ ಕಟ್ಟಿದ್ದರು: ಇವರು ಒಂದು ಕಾಲದಲ್ಲಿ ಕ್ರೈಸ್ತರಾಗಿದ್ದವರು, ಮೇಲೆ ಮೇಲೆ ಮಾತ್ರ ಮುಸ್ಲಿಮರು, ಅರಬ್ಬರಿಗಿಂತ ನಮಗೆ ಹತ್ತಿರ. ಒಡೆದು ಆಳಲು ಅನುಕೂಲವಾದ ಕಥೆ. ಬಿಳಿ ಪಾದ್ರಿಗಳು 1873ರಲ್ಲಿ, ಬ್ರಿಟನ್ನಿನ ಪ್ರೊಟೆಸ್ಟೆಂಟ್ ಮಿಷನ್ನಿನವರು 1881ರಲ್ಲಿ ಕೆಲಸ ಶುರು ಮಾಡಿದ್ದೂ ಇಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಕಬೀಲಿಗಳು ತಮ್ಮ ಭಾಷೆಗೆ ಸ್ಥಾನ ಕೇಳಿದಾಗಲೆಲ್ಲ ಈ ಹಳೇ ಕಥೆ ಅವರ ಮೇಲೇ ತಿರುಗಿತು. ನೀವು ಬಿಳಿ ಪಾದ್ರಿಗಳ ಮಕ್ಕಳು ಎಂದು ಹೀಯಾಳಿಸಿದರು. 2001ರ 'ಕಪ್ಪು ವಸಂತ'ದ ಗಲಭೆಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ಬರ್ಬರ್ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. ಆದರೆ ಕಬೀಲಿಗೆ ಸ್ವಯಮಾಧಿಕಾರ ಕೇಳುತ್ತ ಕೊನೆಗೆ ಪ್ರತ್ಯೇಕ ದೇಶಕ್ಕೇ ನಿಂತ ಚಳವಳಿಯನ್ನು 2021ರಲ್ಲಿ ಸರ್ಕಾರ ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತು.

ಇಂಥ ಜಾಗದಲ್ಲಿ ಚರ್ಚು ಬೆಳೆದರೆ ಭದ್ರತಾ ಇಲಾಖೆ ಅದನ್ನು ಧರ್ಮದ ಕಡತದಲ್ಲಿ ಇಡುವುದಿಲ್ಲ, ಪ್ರತ್ಯೇಕತಾವಾದದ ಕಡತದಲ್ಲಿ ಇಡುತ್ತದೆ. ಇದೇ ಹೊತ್ತಿಗೆ, ಕಬೀಲಿಯಲ್ಲಿ ಜನ ಕ್ರೈಸ್ತರಾಗಲು ಇದ್ದ ಕಾರಣಗಳಲ್ಲಿ ಈ ರಾಜಕೀಯದ ಬೇಸರವೂ ಒಂದು ಎಂಬುದನ್ನು ತಳ್ಳಿಹಾಕುವಂತಿಲ್ಲ. ಅಂತರ್ಯುದ್ಧದಲ್ಲಿ ಧರ್ಮದ ಹೆಸರಿನಲ್ಲಿ ನಡೆದ ಕೊಲೆಗಳನ್ನು ನೋಡಿ ಕೆಲವರು ದೂರ ಸರಿದರು. ಉಪಗ್ರಹ ಟಿವಿ ಬಂತು. ಫ್ರಾನ್ಸಿನಲ್ಲಿರುವ ನೆಂಟರು ಬಂದು ಹೋಗಿ ಮಾಡುತ್ತಿದ್ದರು. ಮನೆಯಿಂದ ಮನೆಗೆ, ತಮ್ಮನಿಂದ ಅಕ್ಕನಿಗೆ ಮಾತು ಹಬ್ಬಿತು. ವಿದೇಶಿ ಮಿಷನರಿಯನ್ನು ವಿಮಾನ ಹತ್ತಿಸಿ ಕಳಿಸುವ ಕಾನೂನು ಇದನ್ನು ತಡೆಯಲಾರದು.

ಮೊರಾಕ್ಕೊದ ಮಕ್ಕಳ ಮನೆ

ಪಕ್ಕದ ಮೊರಾಕ್ಕೊದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು. ಅಲ್ಲಿನ ದಂಡ ಸಂಹಿತೆಯ 220ನೇ ಕಲಮು ಇನ್ನೂ ಬಿಡಿಸಿ ಹೇಳುತ್ತದೆ. ಒಬ್ಬನ ದೌರ್ಬಲ್ಯ ಅಥವಾ ಬಡತನವನ್ನು ಬಳಸಿಕೊಂಡು, ಇಲ್ಲವೇ ಶಾಲೆ, ಆಸ್ಪತ್ರೆ, ಅನಾಥಾಲಯದ ಮೂಲಕ ಮುಸ್ಲಿಮನ ನಂಬಿಕೆ ಅಲುಗಾಡಿಸಿದರೆ 6 ತಿಂಗಳಿಂದ 3 ವರ್ಷ ಜೈಲು.

2010ರ ಮಾರ್ಚ್‌ನಲ್ಲಿ ಅಟ್ಲಾಸ್ ಬೆಟ್ಟಗಳ ಐನ್ ಲೂಹ್ ಎಂಬಲ್ಲಿದ್ದ ಕ್ರೈಸ್ತ ಮಕ್ಕಳ ಮನೆಯ ಮೇಲೆ ಇದರ ಏಟು ಬಿತ್ತು. 33 ಮೊರಾಕ್ಕೊ ಮಕ್ಕಳನ್ನು ಹೆತ್ತವರಂತೆ ಸಾಕುತ್ತಿದ್ದ 16 ವಿದೇಶಿಯರನ್ನು ಕೆಲವೇ ಗಂಟೆಗಳ ಗಡುವು ಕೊಟ್ಟು ದೇಶದಿಂದ ಕಳಿಸಿದರು. ಮಕ್ಕಳು ಅಲ್ಲೇ ಉಳಿದರು. ಆ ವರ್ಷ ಹೀಗೆ ಹೊರಹೋದ ವಿದೇಶಿ ಕ್ರೈಸ್ತರ ಸಂಖ್ಯೆ ನೂರು ದಾಟಿತು. ಮಕ್ಕಳಿಗೆ ಕ್ರೈಸ್ತ ಧರ್ಮ ಕಲಿಸುತ್ತಿದ್ದರು ಎಂದಿತು ಸರ್ಕಾರ. ನಾವು ಯಾರೆಂದು ಹತ್ತು ವರ್ಷದಿಂದ ನಿಮಗೆ ಗೊತ್ತಿತ್ತಲ್ಲ ಎಂದರು ಅವರು. ವಿಚಾರಣೆ ನಡೆಯಲೇ ಇಲ್ಲವಾದ್ದರಿಂದ ಯಾರ ಮಾತು ಎಷ್ಟು ನಿಜ ಎಂದು ನ್ಯಾಯಾಲಯದಲ್ಲಿ ತೀರ್ಮಾನವಾಗಲಿಲ್ಲ.

ಇಲ್ಲಿ ಒಂದು ತೊಡಕು ಇದೆ. ಇಸ್ಲಾಮಿಕ್ ಕಾನೂನಿನಲ್ಲಿ ದತ್ತು ಇಲ್ಲ, 'ಕಫಾಲಾ' ಇದೆ. ಮಗುವನ್ನು ಸಾಕಬಹುದು, ಆದರೆ ಅದರ ವಂಶದ ಹೆಸರು ಬದಲಾಗದು, ಸಾಕುವವರು ಮುಸ್ಲಿಮರೇ ಆಗಿರಬೇಕು. ಹಾಗಾಗಿ ಕ್ರೈಸ್ತ ದಂಪತಿ ಮೊರಾಕ್ಕೊದ ಮಗುವಿಗೆ ಮುತ್ತುಕೊಟ್ಟು, ಮಲಗುವ ಮುಂಚೆ ತಮ್ಮ ಪ್ರಾರ್ಥನೆ ಹೇಳಿಸಿದರೂ ಕಾನೂನಿನ ಪ್ರಕಾರ ಅದು ಸಂಶಯದ ಕೆಲಸ. ವಯಸ್ಕನೊಬ್ಬ ಯೋಚಿಸಿ ಧರ್ಮ ಬದಲಿಸುವುದು ಬೇರೆ, ಬೇರೆ ಆಸರೆ ಇಲ್ಲದ ಐದು ವರ್ಷದ ಮಗು ಸಾಕುವವರ ಧರ್ಮ ಹಿಡಿಯುವುದು ಬೇರೆ, ಅಲ್ವಾ? ಮೊರಾಕ್ಕೊ ಸರ್ಕಾರದ ವಾದ ಅತಿ ಗಟ್ಟಿಯಾಗಿ ನಿಲ್ಲುವುದು ಇಲ್ಲೇ. ಆ ಮಕ್ಕಳನ್ನು ಒಂದೇ ದಿನದಲ್ಲಿ ಎರಡನೇ ಸಲ ಅನಾಥರನ್ನಾಗಿ ಮಾಡಿದ ರೀತಿ ಮಾತ್ರ ಯಾವ ವಾದಕ್ಕೂ ಹೊಂದುವುದಿಲ್ಲ.

ಸಾರುವವರೊಳಗಿನ ಜಗಳ

'ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿರಿ' ಎಂಬುದು ಬೈಬಲ್‌ನಲ್ಲಿ ಯೇಸುವಿನ ಅಪ್ಪಣೆ. ಪ್ರೊಟೆಸ್ಟೆಂಟರಲ್ಲೇ ಸುವಾರ್ತೆ ಸಾರುವುದಕ್ಕೆ ಹೆಚ್ಚು ಒತ್ತು ಕೊಡುವ ಇವ್ಯಾಂಜೆಲಿಕಲ್ ಪಂಗಡದವರಿಗೆ ಇದು ಬಿಡಲಾಗದ ಕರ್ತವ್ಯ. 1989ರ ಮನಿಲಾ ಸಮ್ಮೇಳನದಲ್ಲಿ ಲೂಯಿಸ್ ಬುಶ್ ಎಂಬುವರು ಉತ್ತರ ಅಕ್ಷಾಂಶ 10ರಿಂದ 40 ಡಿಗ್ರಿಯೊಳಗಿನ ನಾಡುಗಳತ್ತ ಗಮನ ಸೆಳೆದರು. ಅದೇ ಮುಂದೆ '10/40 ಕಿಟಕಿ' ಎಂದು ಹೆಸರಾಯಿತು. ಉತ್ತರ ಆಫ್ರಿಕಾ ಆ ಕಿಟಕಿಯ ಒಳಗಿದೆ. ಮಿಷನರಿ ವೀಸಾ ಸಿಗದ ಕಡೆ ಎಂಜಿನಿಯರ್, ಭಾಷಾ ಶಿಕ್ಷಕ, ವ್ಯಾಪಾರಿಯಾಗಿ ಹೋಗುವ ಕ್ರಮ ಬೆಳೆಯಿತು. ಗುಡಾರ ಹೊಲಿದು ಬದುಕುತ್ತಲೇ ಬೋಧಿಸಿದ ಸಂತ ಪೌಲನ ನೆನಪಿಗೆ ಇಂಥವರನ್ನು 'ಗುಡಾರ ಕಟ್ಟುವವರು' ಎನ್ನುತ್ತಾರೆ. ಅವರ ಕಣ್ಣಿಗೆ ಇದು ತ್ಯಾಗ. ಸರ್ಕಾರದ ಕಣ್ಣಿಗೆ ವೇಷ. ಇಂಥ ಒಬ್ಬರು ಸಿಕ್ಕಿಬಿದ್ದರೆ, ನಿಜವಾಗಿಯೂ ಭಾಷೆ ಕಲಿಸಲೆಂದೇ ಬಂದ ಹತ್ತು ಜನರ ಮೇಲೆ ಅನುಮಾನ ಬೀಳುತ್ತದೆ. ಮಿಷನ್ ಸಂಸ್ಥೆಗಳು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಕಮ್ಮಿ.

ಕ್ಯಾಥೊಲಿಕರ ದಾರಿ ಬೇರೆ ಎಂದು ಆಗಲೇ ನೋಡಿದೆವು. 2019ರ ಮಾರ್ಚ್‌ನಲ್ಲಿ ಮೊರಾಕ್ಕೊದ ರಾಜಧಾನಿ ರಬಾತ್‌ಗೆ ಬಂದ ಪೋಪ್ ಫ್ರಾನ್ಸಿಸ್, ಚರ್ಚು ಮತಾಂತರದ ಅಭಿಯಾನದಿಂದ ಬೆಳೆಯುವುದಿಲ್ಲ, ಜನರನ್ನು ಸೆಳೆಯುವ ಬದುಕಿನಿಂದ ಬೆಳೆಯುತ್ತದೆ ಎಂದು ಅಲ್ಲಿನ ಪಾದ್ರಿಗಳಿಗೆ ಹೇಳಿದರು. ದೊರೆ ಆರನೇ ಮೊಹಮ್ಮದ್, ದೇಶದ ಯಹೂದಿಗಳನ್ನೂ ಬೇರೆ ದೇಶಗಳಿಂದ ಬಂದು ಮೊರಾಕ್ಕೊದಲ್ಲಿರುವ ಕ್ರೈಸ್ತರನ್ನೂ ತಾನು ಕಾಯುತ್ತೇನೆ ಎಂದರು. 'ಬೇರೆ ದೇಶಗಳಿಂದ ಬಂದ' ಎಂಬ ಮಾತನ್ನು ಮೊರಾಕ್ಕೊದಲ್ಲೇ ಹುಟ್ಟಿದ ಕ್ರೈಸ್ತರು ಚೆನ್ನಾಗಿ ಕೇಳಿಸಿಕೊಂಡಿರಬೇಕು.

1948ರಲ್ಲೇ ನಡೆದ ವಾದ

ಮುಸ್ಲಿಂ ಚಿಂತಕರಲ್ಲಿ ಒಮ್ಮತವಿದೆ ಎಂದುಕೊಂಡರೆ ಅದೂ ತಪ್ಪು. 'ಧರ್ಮದಲ್ಲಿ ಬಲವಂತವಿಲ್ಲ' ಎಂಬ ಕುರ್‌ಆನ್ ವಚನ ಎಲ್ಲರಿಗೂ ಗೊತ್ತು. ಅದರ ಹರವು ಎಷ್ಟು ಎಂಬುದರಲ್ಲೇ ಜಗಳ.

1948ರಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ 'ಧರ್ಮ ಬದಲಿಸುವ ಸ್ವಾತಂತ್ರ್ಯ' ಎಂದು ಸೇರಿಸುವಾಗ ಸೌದಿ ಪ್ರತಿನಿಧಿ ವಿರೋಧಿಸಿದರು. ಮಿಷನರಿಗಳು ರಾಜಕೀಯ ಆಕ್ರಮಣಕ್ಕೆ ದಾರಿ ಮಾಡಿಕೊಟ್ಟ ಇತಿಹಾಸ ಇದೆ ಎಂಬುದು ಅವರ ವಾದ. ಪಾಕಿಸ್ತಾನದ ವಿದೇಶಾಂಗ ಮಂತ್ರಿ ಝಫರುಲ್ಲಾ ಖಾನ್ ಮಾತ್ರ ಆ ಸಾಲಿನ ಪರ ನಿಂತರು. ಇಸ್ಲಾಂ ಕೂಡ ಪ್ರಚಾರ ಮಾಡುವ ಧರ್ಮವೇ, ಆ ಹಕ್ಕು ನಮಗೆ ಬೇಕಾದರೆ ಬೇರೆಯವರಿಗೂ ಇರಬೇಕು ಎಂದರು. ಅವರು ಅಹ್ಮದಿಯಾ ಪಂಥದವರು.

ಅಲ್ಜೀರಿಯಾ 1989ರಲ್ಲಿ ಒಪ್ಪಿಕೊಂಡ ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ ಈ ಸಾಲನ್ನು ಸ್ವಲ್ಪ ಮೆತ್ತಗೆ ಮಾಡಿ 'ತನ್ನ ಆಯ್ಕೆಯ ಧರ್ಮವನ್ನು ಹೊಂದುವ ಅಥವಾ ಸ್ವೀಕರಿಸುವ' ಹಕ್ಕು ಎನ್ನುತ್ತದೆ. ಸರಿಯಾದ ಪ್ರಚಾರಕ್ಕೂ ಕೆಟ್ಟ ಪ್ರಚಾರಕ್ಕೂ ಗೆರೆ ಎಲ್ಲಿ ಎಂಬ ಪ್ರಶ್ನೆ ಬರೀ ಮುಸ್ಲಿಂ ದೇಶಗಳದ್ದೂ ಅಲ್ಲ. ಗ್ರೀಸ್ ದೇಶದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರನ್ನು ಬೇರೆ ಪಂಗಡಕ್ಕೆ ಸೆಳೆಯುವುದು 1938ರ ಕಾನೂನಿನಡಿ ಅಪರಾಧವಾಗಿತ್ತು. 'ಯೆಹೋವನ ಸಾಕ್ಷಿಗಳು' ಎಂಬ ಪಂಗಡದ ಕೊಕ್ಕಿನಾಕಿಸ್ ಎಂಬುವರ ಮೊಕದ್ದಮೆಯಲ್ಲಿ 1993ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ನಂಬಿಕೆ ಹೇಳಿಕೊಳ್ಳುವುದು ಹಕ್ಕು, ಹಣ ಸೌಕರ್ಯ ಕೊಟ್ಟೋ ಕಷ್ಟದಲ್ಲಿರುವವರ ಮೇಲೆ ಒತ್ತಡ ಹಾಕಿಯೋ ಸೆಳೆಯುವುದು ಹಕ್ಕಲ್ಲ ಎಂದು ಗೆರೆ ಎಳೆಯಿತು. ಅಲ್ಜೀರಿಯಾದ ಕಾನೂನನ್ನು ಈ ಗೆರೆಗೆ ಹೊಂದಿಸುವುದು ಕಷ್ಟದ ಕೆಲಸವೇನಲ್ಲ. ಆದರೆ ದೇಶ ನಡೆದದ್ದು ಎದುರು ದಿಕ್ಕಿಗೆ: ಹಳೆಯ ಸಂವಿಧಾನದಲ್ಲಿದ್ದ 'ಅಂತಃಸಾಕ್ಷಿಯ ಸ್ವಾತಂತ್ರ್ಯ' ಎಂಬ ಮಾತನ್ನು 2020ರ ಸಂವಿಧಾನದಿಂದ ತೆಗೆದುಬಿಟ್ಟರು. 'ಪೂಜೆಯ ಸ್ವಾತಂತ್ರ್ಯ' ಉಳಿಯಿತು, ಅದೂ ಕಾನೂನಿನ ಚೌಕಟ್ಟಿನೊಳಗೆ. ಪೂಜೆಗೆ ಕಟ್ಟಡ ಬೇಕು, ಕಟ್ಟಡಕ್ಕೆ ಅನುಮತಿ ಬೇಕು, ಅನುಮತಿಯ ಕಥೆ ಗೊತ್ತೇ ಇದೆ.

ಮುಂದೇನಾಗಬಹುದು

ಮೊದಲ ಪರಿಣಾಮ ಈಗಲೇ ಕಾಣುತ್ತಿದೆ. ಚರ್ಚು ಮುಚ್ಚಿದರೆ ನಂಬಿಕೆ ಮುಚ್ಚುವುದಿಲ್ಲ, ಮನೆಗಳಿಗೆ, ಮೊಬೈಲ್ ಗುಂಪುಗಳಿಗೆ ಚದುರುತ್ತದೆ. ಬಾಗಿಲು ತೆರೆದ ಚರ್ಚಿನಲ್ಲಿ ಏನು ನಡೆಯುತ್ತದೆ ಎಂದು ಪೊಲೀಸರಿಗೂ ಪಕ್ಕದ ಮನೆಯವರಿಗೂ ಗೊತ್ತಿರುತ್ತಿತ್ತು. ಕದ್ದುಮುಚ್ಚಿ ಸೇರುವ ಗುಂಪಿನ ಬಗ್ಗೆ ಊಹೆಗಳು ಹುಟ್ಟುತ್ತವೆ. ಊಹೆಯಿಂದ ಅನುಮಾನ, ಅನುಮಾನದಿಂದ ಇನ್ನಷ್ಟು ನಿಗಾ. ಸರ್ಕಾರ ಯಾವುದಕ್ಕೆ ಹೆದರಿತ್ತೋ ಅದನ್ನು ತಾನೇ ಬೆಳೆಸಿದ ಹಾಗಾಗುತ್ತದೆ.

ಎರಡನೆಯದು ಸೇವೆಯ ಮೇಲಿನ ಹೊಡೆತ. ಸುಮಾರು ಅರವತ್ತು ವರ್ಷ ಕೆಲಸ ಮಾಡಿದ್ದ ಕ್ಯಾಥೊಲಿಕ್ ಸೇವಾ ಸಂಸ್ಥೆ ಕಾರಿತಾಸ್ 2022ರ ಅಕ್ಟೋಬರ್ 1ರಿಂದ ಅಲ್ಜೀರಿಯಾದಲ್ಲಿ ಪೂರ್ತಿ ನಿಂತುಹೋಯಿತು. ಅಧಿಕಾರಿಗಳ ಸೂಚನೆಯ ಮೇಲೆ ಮುಚ್ಚುತ್ತಿದ್ದೇವೆ ಎಂದು ಚರ್ಚು ತಿಳಿಸಿತು. ಮತಾಂತರಕ್ಕೆ ಕೈ ಹಾಕದ, 'ಅತಿಥಿ'ಯಾಗಿಯೇ ಇದ್ದ ಚರ್ಚಿನ ಸಂಸ್ಥೆ ಇದು. ಬಡವರು, ವಲಸಿಗರು ಅದರ ಬಾಗಿಲಿಗೆ ಬರುತ್ತಿದ್ದರು. ಇಲ್ಲಿಯವರೆಗಿನ ವಿವರಣೆ ಸ್ವಲ್ಪ ಅಲುಗಾಡುವುದೂ ಇಲ್ಲಿಯೇ. ಅತಿಥಿಗೆ ಇದ್ದ ಜಾಗವೂ ಕಿರಿದಾಗುತ್ತಿರಬಹುದು.

ಮೂರನೆಯದು ಹೊರದೇಶಗಳ ಒತ್ತಡ. ಅಮೆರಿಕ 2021ರಲ್ಲಿ ಅಲ್ಜೀರಿಯಾವನ್ನು ಧಾರ್ಮಿಕ ಸ್ವಾತಂತ್ರ್ಯದ ವಿಶೇಷ ನಿಗಾ ಪಟ್ಟಿಗೆ ಸೇರಿಸಿತು. ಅದರ ಮರುವರ್ಷ ಉಕ್ರೇನ್ ಯುದ್ಧ ಶುರುವಾಗಿ ಯುರೋಪ್ ರಷ್ಯಾದ ಬದಲಿಗೆ ಬೇರೆ ಗ್ಯಾಸ್ ಹುಡುಕತೊಡಗಿತು. ಅಲ್ಜೀರಿಯಾದಲ್ಲಿ ಗ್ಯಾಸ್ ಇದೆ. ಒತ್ತಡದ ಮಾತು ಅಲ್ಲಿಗೆ ತಣ್ಣಗಾಯಿತು. ಹೊರಗಿನ ಗದ್ದಲದಿಂದ ಒಳಗಿನ ಕ್ರೈಸ್ತರಿಗೆ ಒಂದು ಕೆಡುಕೂ ಇದೆ: ಪಾಶ್ಚಾತ್ಯರು ಕೂಗಿದಷ್ಟೂ 'ನೋಡಿ, ಇವರು ಅವರ ಜನ' ಎನ್ನುವುದು ಸುಲಭ.

ಸದ್ದಿಲ್ಲದೆ ನಡೆಯುವುದು ಕುಟುಂಬಗಳ ಒಳಗಿನದು. 1984ರ ಕುಟುಂಬ ಸಂಹಿತೆಯ ಪ್ರಕಾರ ಇಸ್ಲಾಂ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲ. ಮುಸ್ಲಿಂ ಹೆಣ್ಣು ಮುಸ್ಲಿಮೇತರನನ್ನು ಮದುವೆಯಾಗುವಂತಿಲ್ಲ. ಹಾಗಾಗಿ ಕ್ರೈಸ್ತನಾದ ಅಲ್ಜೀರಿಯನ್ ಮದುವೆ, ಆಸ್ತಿಯ ಕಾಗದಗಳಲ್ಲಿ ಮುಸ್ಲಿಮನಾಗಿಯೇ ಉಳಿಯುವುದು ಕ್ಷೇಮ. 1903ರ ಫ್ರೆಂಚ್ ನ್ಯಾಯಾಲಯ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಇನ್ನು ಮುಂದೆ ಅಲ್ಜೀರಿಯಾದಿಂದ ಇಂಥ ಸುದ್ದಿ ಬಂದಾಗ ಎಷ್ಟು ಚರ್ಚು ಮುಚ್ಚಿತು ಎಂಬ ಲೆಕ್ಕಕ್ಕಿಂತ ಎರಡು ವಿಷಯ ಗಮನಿಸಿದರೆ ಹೆಚ್ಚು ತಿಳಿಯುತ್ತದೆ. ಮುಸ್ಲಿಮೇತರರ ಆ ರಾಷ್ಟ್ರೀಯ ಆಯೋಗ ಸಭೆ ಸೇರಿತೇ? ಪ್ರೊಟೆಸ್ಟೆಂಟ್ ಒಕ್ಕೂಟದ ನೋಂದಣಿಗೆ ಹೌದು ಅಥವಾ ಇಲ್ಲ ಎಂಬ ಲಿಖಿತ ಉತ್ತರ ಬಂತೇ? 'ಇಲ್ಲ' ಎಂದು ಬರೆದುಕೊಟ್ಟರೂ ಅದು ದೊಡ್ಡ ಬದಲಾವಣೆಯೇ. ಬರೆದುಕೊಟ್ಟ 'ಇಲ್ಲ'ವನ್ನು ನ್ಯಾಯಾಲಯಕ್ಕೆ ಒಯ್ಯಬಹುದು.